ಒಂದೇ ತುತ್ತಾದರೆ ಜಗಳ

ಇಳಕಲ್ಲು

ನನ್ನ ಹೆಸರು ಶಾಂತಾ. ಆದರೆ ಇಳಕಲ್ಲಿನ ನಮ್ಮ ಓಣಿಗೆ ಬಂದು ‘ಒಲ್ಲವ್ವನ ಮನಿ ಯಾವುದ್ರಿ?’ ಎಂದು ಕೇಳಿದರೂ ಜನ ನಮ್ಮ ಬಾಗಿಲಿಗೇ ತಂದು ಬಿಡುತ್ತಾರೆ. ಬದನೆಕಾಯಿ ಒಲ್ಲೆ, ಲೋಳೆ ಬಿಡುವ ಬೆಂಡೆಕಾಯಿ ಒಲ್ಲೆ, ಹುಳಿ ಬಂದ ಮೊಸರು ಒಲ್ಲೆ, ಇನ್ನೊಬ್ಬರ ಕೈ ತಾಗಿದ ಪಲ್ಯವನ್ನಂತೂ ಸುತಾರಾಂ ಒಲ್ಲೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಗಟ್ಟಿ ಮೊಸರು. ಇಷ್ಟರಲ್ಲೇ ನಲವತ್ತು ದಾಟಿದ್ದೇನೆ. ಹುನಗುಂದದ ಹೈಸ್ಕೂಲಿನಲ್ಲಿ ಮಕ್ಕಳಿಗೆ ‘ಎಲ್ಲ ತರಕಾರಿ ತಿನ್ನಬೇಕು’ ಎಂದು ಪಾಠ ಮಾಡುವವಳೂ ನಾನೇ. ನಗಬೇಡಿ.

ಮದುವೆಗೆ ಹೋದರೂ ಚೀಲದಲ್ಲಿ ನನ್ನ ಡಬ್ಬಿ ಇರುತ್ತದೆ. ಅದನ್ನು ಬಳಗದವರು ಹೇಗೋ ಸಹಿಸಿಕೊಳ್ಳುತ್ತಾರೆ. ಸಹಿಸದಿರುವುದು ಭೂಮದ ವಿಷಯ. ನಮ್ಮ ಕಡೆ ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳು, ಬೀಗರು, ಹತ್ತಿರದ ನೆಂಟರು ಎಲ್ಲ ಒಂದೇ ದೊಡ್ಡ ಗಂಗಾಳದ ಸುತ್ತ ಕುಳಿತು, ಒಬ್ಬರ ಬಾಯಿಗೆ ಒಬ್ಬರು ತುತ್ತಿಟ್ಟು ಉಣ್ಣುತ್ತಾರಲ್ಲ, ಅದು. ಆ ಹೊತ್ತಿಗೆ ಸರಿಯಾಗಿ ನಾನು ಫೋಟೋ ತೆಗೆಯುವ ನೆಪದಲ್ಲಿ ಎದ್ದು ನಿಂತಿರುತ್ತೇನೆ. ಕಮತಗಿಯ ಸೋದರಮಾವನ ಮಗಳ ಮದುವೆಯಲ್ಲಿ ಅಪ್ಪ ಎಲ್ಲರ ಎದುರೇ ಅಂದುಬಿಟ್ಟಿದ್ದ: “ನಮ್ಮ ಮನಿ ಭೂಮದ ಫೋಟೋದಾಗ ಎಲ್ಲಾರೂ ಅದಾರ. ಇಕಿ ಒಬ್ಬಾಕಿ ಇಲ್ಲ, ನೋಡ್ರಿ.”

ಇಂಥ ನನ್ನ ಕೊರಳಿಗೇ ತಮ್ಮನ ಮದುವೆ ಬಂದು ಬಿತ್ತು. ತಮ್ಮ ಸಂಗಮೇಶ ಇಥಿಯೋಪಿಯಾದಲ್ಲಿ ಗಣಿತದ ಮಾಸ್ತರ. ರಾಜಧಾನಿ ಅಡಿಸ್ ಅಬಾಬಾದಿಂದ ಆಚೆ ಬಿಷೋಫ್ಟು ಎಂಬ ಕೆರೆಗಳ ಊರಿನ ಕಾಲೇಜಿನಲ್ಲಿ ಕಲಿಸುತ್ತಾನೆ. ಅಲ್ಲೇ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹಿರುತ್ ಎಂಬ ಹುಡುಗಿಯನ್ನು ಮೆಚ್ಚಿದ. ಅಪ್ಪನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬಸವಣ್ಣನ ಹೆಸರು ಹೇಳಿ ದಿನ ಸುರು ಮಾಡುವ ಮನುಷ್ಯ, ಬೇರೆ ಜನ, ಬೇರೆ ದೇಶ ಎಂದು ಬಾಯಿ ಬಿಟ್ಟು ಹೇಗೆ ಅಂದಾನು? ಹೂಂ ಎನ್ನಲು ಮನಸ್ಸೂ ಬರಲಿಲ್ಲ. ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು ಕುಳಿತು ಒಂದು ಉಪಾಯ ತೆಗೆದ.

“ಶಾಂತಾ ಹೋಗಿ ನೋಡಿ ಬರಲಿ. ಇಕಿ ಆ ಮನ್ಯಾಗ, ಅವರ ಜೋಡಿ ಕುಂತು, ಅವರ ಅಡಗಿ ಉಂಡಳಂದ್ರ ನಾ ಹೂಂ ಅಂತೇನಿ. ಇಕಿಗೆ ಒಗ್ಗಿದ ಮನಿ ಯಾರಿಗೆ ಒಗ್ಗಂಗಿಲ್ಲ?”

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಫೋನಿನ ಆ ತುದಿಯಲ್ಲಿದ್ದ ಸಂಗೂ ಮಾತ್ರ ನಗಲಿಲ್ಲ. “ಯಪ್ಪಾ, ಅದರ ಬದ್ಲಿ ಬ್ಯಾಡ ಅಂತ ನೆಟ್ಟಗ ಅಂದಬಿಡು,” ಅಂದ. ಅವನ ದನಿ ಕೇಳಿ ನನ್ನ ನಗೆ ಅಲ್ಲೇ ನಿಂತಿತು. ನನ್ನ ನಾಲಿಗೆಯ ಹಟಕ್ಕೆ ಅವನ ಸಂಸಾರ ಬಲಿಯಾಗಬೇಕೇ?

ಅವ್ವ ರೊಟ್ಟಿ ಬಡಿಯಲು ಕುಳಿತಳು. “ಅಷ್ಟು ದೂರ ಹೊಂಟಾಕಿ, ಉಪಾಸ ಬೀಳಬಾರದು” ಎಂದು ಸೂಟ್‌ಕೇಸಿನ ಸಂದಿಗೊಂದಿಗೆಲ್ಲ ರೊಟ್ಟಿ ತುರುಕಿದಳು. ಹುಡುಗಿಗೆ ಕೊಡಲು ಒಂದು ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಸೀರೆಯನ್ನು ಅಪ್ಪನೇ ಆರಿಸಿದ. “ಸಂಬಂಧ ಕೂಡಲಿ ಬಿಡಲಿ, ಇದನ್ನ ಕೊಟ್ಟು ಬಾ. ಬರಿಗೈಲೆ ಯಾರ ಮನಿಗೂ ಹೋಗಬಾರದು,” ಅಂದ.

ಅಡಿಸ್ ಅಬಾಬಾ

ವಿಮಾನ ಇಳಿದಾಗ ಬೆಳಕು ಹರಿಯುತ್ತಿತ್ತು. ಊರು ಬೆಟ್ಟದ ನೆತ್ತಿಯ ಮೇಲಿದೆ, ಗಾಳಿ ತೆಳು. ನಡೆದರೆ ಏದುಸಿರು, ಕುಳಿತರೆ ಕಣ್ಣು ಎಳೆಯುತ್ತದೆ. ಆ ಪ್ರವಾಸದ ಉದ್ದಕ್ಕೂ ನಾನು ಅರೆನಿದ್ದೆಯಲ್ಲಿ ತೇಲುತ್ತಿದ್ದೆ ಅಂತಲೇ ಈಗಲೂ ಅನ್ನಿಸುತ್ತದೆ. ಎಲ್ಲಿ ನೋಡಿದರೂ ಮಂಜು, ಮಂಜಿನೊಳಗೆ ನೀಲಗಿರಿ ಕಟ್ಟಿಗೆಯ ಹೊಗೆ. ಬಿಳಿ ಹತ್ತಿಬಟ್ಟೆ ತಲೆತುಂಬ ಹೊದ್ದ ಹೆಂಗಸರು ಮಂಜಿನಿಂದ ಹೊರಬಂದು ಸದ್ದಿಲ್ಲದೆ ಮಂಜಿಗೇ ಹೋಗುತ್ತಿದ್ದರು. ಇಳಕಲ್ಲಿನ ಸೀರೆ ಅಂಗಡಿಯ ಮಗಳು ನಾನು. ಕನಸಿನಲ್ಲಿದ್ದರೂ ಅವರ ಬಟ್ಟೆಯ ಅಂಚು ನೋಡದೆ ಬಿಡಲಿಲ್ಲ. ಕೈಮಗ್ಗದ್ದೇ.

ಅಲ್ಲಿ ಕಾಲವೂ ಬೇರೆ. ದಿನ ಹುಟ್ಟುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಮಟಮಟ ಮಧ್ಯಾಹ್ನ ಅವರಿಗೆ ಆರು. ಅವರ ಕ್ಯಾಲೆಂಡರಿನ ವರ್ಷವೂ ನಮಗಿಂತ ಏಳೆಂಟು ಹಿಂದೆ.

“ಹಂಗಾರ ನಾ ಏಳೆಂಟು ವರ್ಷ ಸಣ್ಣಾಕಿ ಆದ್ನೇನೋ?” ಎಂದು ಸಂಗೂನನ್ನು ಕೇಳಿದೆ.

“ಆದೆವ್ವಾ ಯಕ್ಕಾ. ಹಟ ಮಾತ್ರ ಇದ್ದಷ್ಟ ಐತಿ,” ಅಂದ.

ವಿಮಾನ ನಿಲ್ದಾಣದಲ್ಲೇ ಒಂದು ಪ್ರಸಂಗ ನಡೆದಿತ್ತು. ತಪಾಸಣೆಯ ಹೆಣ್ಣುಮಗಳು ನನ್ನ ಚಟ್ನಿಪುಡಿಯ ಡಬ್ಬಿ ತೆಗೆದು ಮೂಗಿಗೆ ಹಿಡಿದಳು. ಹಿಡಿದವಳೇ ಸೀನಿದಳು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಆಕೆ ನಕ್ಕು, ಚಿಟಿಕೆ ಪುಡಿ ಅಂಗೈಗೆ ಹಾಕಿಕೊಂಡು ನೆಕ್ಕಿಬಿಟ್ಟಳು! ಗುರುತಿಲ್ಲ, ಪರಿಚಯವಿಲ್ಲ, ಯಾವುದೋ ದೇಶದ ಯಾರದೋ ಡಬ್ಬಿ. ತಲೆಯಾಡಿಸಿ ಮುಚ್ಚಳ ಹಾಕಿ ಕೊಟ್ಟಳು. ನಾನಾಗಿದ್ದರೆ ಕೈ ತೊಳೆಯಲು ಓಡುತ್ತಿದ್ದೆ.

ಹೋಟೆಲಿನಲ್ಲಿ ಸೂಟ್‌ಕೇಸು ತೆರೆದರೆ ಇನ್ನೊಂದು ಆಘಾತ. ಅವ್ವನ ರೊಟ್ಟಿಗಳೆಲ್ಲ ನುಚ್ಚಾಗಿದ್ದವು. ಬಟ್ಟೆಯ ಮೇಲೆಲ್ಲ ಜೋಳದ ಪುಡಿ. ಅದನ್ನೇ ಚಮಚದಿಂದ ಗೋರಿ ಮೊಸರಿಗೆ ಹಾಕಿಕೊಂಡು ತಿಂದೆ.

ಮಧ್ಯಾಹ್ನ ಸಂಗೂ ಖಾನಾವಳಿಗೆ ಕರೆದುಕೊಂಡು ಹೋದ. ಒಂದು ಅಗಲ ತಟ್ಟೆ, ಅದರ ತುಂಬ ಮಡಿಕೆ ಬಿಚ್ಚಿದ ಬೂದುಬಣ್ಣದ್ದೇನೋ. ಮೆತ್ತಗೆ, ತಣ್ಣಗೆ, ಮೈತುಂಬ ತೂತು. ಇಂಜೆರಾ ಅಂತೆ. ಟೆಫ್ ಎಂಬ ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಹೊಯ್ದದ್ದು.

“ದ್ವಾಸಿ ಅಂತ ತಿಳ್ಕೊ,” ಎಂದ ಸಂಗೂ.

“ದ್ವಾಸಿ ಬಿಸಿ ಇರತೈತಿ. ಇದು ತೊಯ್ದ ಕೌದಿ ಇದ್ದಂಗ ಐತಲ್ಲೋ!”

ನಾನು ಚಹಾ, ಬ್ರೆಡ್ಡು ಹಿಡಿದು ಕುಳಿತೆ. ಪಕ್ಕದ ಮೇಜಿನಲ್ಲಿ ಕೋಟು ತೊಟ್ಟ ದಪ್ಪ ಯಜಮಾನರೊಬ್ಬರು ಉಣ್ಣುತ್ತಿದ್ದರು. ನನ್ನ ಬ್ರೆಡ್ಡು ನೋಡಿ ಪಾಪ ಎನ್ನಿಸಿರಬೇಕು. ತಮ್ಮ ತಟ್ಟೆಯಿಂದ ಒಂದು ತುತ್ತು ಕಟ್ಟಿ, ಎದ್ದು ಬಂದು, ಸೀದಾ ನನ್ನ ಬಾಯಿಗೇ ಹಿಡಿದರು! ನಾನು ಕುರ್ಚಿ ಸಮೇತ ಹಿಂದೆ ಸರಿದೆ. ಸಂಗೂ ತಟ್ಟನೆ ಬಾಯಿ ಚಾಚಿ ಆ ತುತ್ತು ತಾನು ತೆಗೆದುಕೊಂಡು ಮಾನ ಉಳಿಸಿದ. ಯಜಮಾನರು ಅವನ ಬೆನ್ನು ತಟ್ಟಿ ಹೋದರು.

“ಇದಕ್ಕ ಗುರ್ಷಾ ಅಂತಾರಕ್ಕಾ. ಪ್ರೀತಿ ಇದ್ದವರಿಗೆ ಕೈಯಾರೆ ತುತ್ತು ತಿನಿಸೋದು. ಹಿರುತ್‌ಳ ಅಜ್ಜಿ ಗುರ್ಷಾ ಕೊಡದ ಬಿಡಾಕಿ ಅಲ್ಲ. ಅದನ್ನ ಒಲ್ಲೆ ಅಂದ್ರ ಅವರನ್ನ ಒಲ್ಲೆ ಅಂದಂಗ.” ತಲೆ ತಗ್ಗಿಸಿ ಅಂದ, “ಭಾಳ ತ್ರಾಸ ಆದ್ರ... ಉಂಡೆ ಅಂತ ಅಪ್ಪಗ ಸುಳ್ಳು ಹೇಳೂಣೇನು?”

“ಶುಭಕಾರ್ಯಕ್ಕ ಸುಳ್ಳಿನ ಬುನಾದಿ ಬ್ಯಾಡೋ. ಅಪ್ಪ ನನ್ನ ದನಿ ಮ್ಯಾಲೇ ಹಿಡೀತಾನ.”

ಹಾಗೆ ಅಂದವಳೇ ಉಳಿದ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡೆ.

ಬಿಷೋಫ್ಟು

ಬೆಂಕಿ ಉಗುಳಿ ತಣ್ಣಗಾದ ಬೆಟ್ಟಗಳ ಬಾಯಲ್ಲಿ ನೀರು ತುಂಬಿ ಆದ ಕೆರೆಗಳು ಇಲ್ಲಿಯವು. ಬಾದಾಮಿಯಲ್ಲಿ ಕೆಂಪು ಬಂಡೆಗಳ ನಡುವೆ ಕೆರೆ ಹೇಗೆ ತೆಪ್ಪಗೆ ಮಲಗಿರುತ್ತದೋ ಹಾಗೆಯೇ, ಆದರೆ ಇಲ್ಲಿ ಸುತ್ತ ಹಸಿರು. ನೀರಿನ ಮೇಲೆ ಹಕ್ಕಿಗಳು ಕದಲದೆ ತೇಲುತ್ತಿದ್ದವು. ಬೆಳಗಿನ ಆವಿಯಲ್ಲಿ ಎದುರಿನ ದಂಡೆ ಇತ್ತು, ಇರಲಿಲ್ಲ, ಮತ್ತೆ ಇತ್ತು. ಬಾಗಲಕೋಟೆಯಲ್ಲಿ ಹಿನ್ನೀರಿನ ದಂಡೆಗೆ ನಿಂತಾಗ, ಮುಳುಗಿದ ಓಣಿಗಳಲ್ಲಿ ಇನ್ನೂ ಯಾರೋ ಓಡಾಡುತ್ತಿದ್ದಾರೆ ಅನ್ನಿಸುತ್ತದಲ್ಲ, ಅಂಥದೇ ಮಂಪರು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ ಗೊತ್ತಿಲ್ಲ.

“ಬರ್ರಿ ಅಕ್ಕಾರ, ಆರಾಮ ಅದೀರೇನ್ರಿ?”

ತಿರುಗಿ ನೋಡಿದರೆ ಎತ್ತರದ ಹುಡುಗಿ, ಅಗಲ ಕಣ್ಣು, ಕೈಯಲ್ಲೊಂದು ಪೊಟ್ಟಣ. ಹಿರುತ್! ಬಾಯಲ್ಲಿ ಅಪ್ಪಟ ನಮ್ಮ ಓಣಿಯ ಕನ್ನಡ, ರಾಗ ಮಾತ್ರ ಬೇರೆ ಯಾವುದೋ. ಸಂಗೂ ಕಲಿಸಿದ್ದಂತೆ. ಬೆಂಗಳೂರಿನ ಕನ್ನಡ ಕೇಳಿದರೂ ಪರಕೀಯ ಅನ್ನಿಸುವ ನನಗೆ, ಸಾಗರದಾಚೆ ಈ ಹುಡುಗಿ ‘ಕುಂದರ್ರಿ’ ಅಂದದ್ದೇ ಕಣ್ಣು ತುಂಬಿ ಬಂತು.

ಪೊಟ್ಟಣದಲ್ಲಿ ಹುರಿದ ಬಾರ್ಲಿ ಇತ್ತು. ಒಣ ಕಾಳು, ಅದೂ ನನ್ನ ಕೈಯಿಂದಲೇ ನನ್ನ ಬಾಯಿಗೆ. ಧೈರ್ಯ ಮಾಡಿ ನಾಲ್ಕು ಕಾಳು ಕಟುಂ ಎನಿಸಿದೆ. ಚೆನ್ನಾಗಿತ್ತು. ಸಂಗೂ ನನ್ನ ಮುಖವನ್ನೇ ನೋಡುತ್ತಿದ್ದ, ಪರೀಕ್ಷೆಯ ರಿಸಲ್ಟ್ ನೋಡುವವರ ಹಾಗೆ.

ಹಿರುತ್ ನೀರು ನೋಡುತ್ತ ಮೆಲ್ಲಗೆ ಹೇಳಿದಳು: “ಅಕ್ಕಾರ, ಎಮಾಮಾ ಅಂಜ್ಯಾಳ್ರಿ.” ಎಮಾಮಾ ಎಂದರೆ ಆಕೆಯ ಅಜ್ಜಿ. ತಂದೆತಾಯಿ ಇಲ್ಲದ ಹಿರುತ್‌ಳನ್ನು ಸಾಕಿದವಳು ಆ ಮುದುಕಿಯೇ. “ನಮ್ಮ ಕೈ ತುತ್ತು ಉಣ್ಣದವರು ನನ್ನ ಹುಡುಗೀನ್ನ ಹೆಂಗ ಇಟ್ಕೋತಾರ ಅಂತಾಳ್ರಿ. ನೀವು ಉಂಡ್ರ ಹೂಂ ಅಂತಾಳ. ಇಲ್ಲಾಂದ್ರ...”

ನೋಡಿ ನನ್ನ ಗತಿ! ಇಳಕಲ್ಲಿನಲ್ಲಿ ಒಬ್ಬ ಮುದುಕ, ಇಲ್ಲೊಬ್ಬಳು ಮುದುಕಿ. ಒಬ್ಬರ ಮುಖ ಒಬ್ಬರು ನೋಡಿಲ್ಲ, ಭಾಷೆ ಗೊತ್ತಿಲ್ಲ. ಇಬ್ಬರೂ ಸೇರಿ ಮದುವೆಯನ್ನು ತಂದು ನನ್ನ ನಾಲಿಗೆಯ ತುದಿಗೆ ಇಟ್ಟಿದ್ದಾರೆ.

ಎಮಾಮಾಳ ಮನೆ

ಊಟಕ್ಕೆ ಶುಕ್ರವಾರವನ್ನೇ ಗೊತ್ತು ಮಾಡಿದ್ದರು. ಬುಧವಾರ, ಶುಕ್ರವಾರ ಅವರಿಗೆ ವ್ರತ. ಮಾಂಸ, ಮೊಟ್ಟೆ ಇರಲಿ, ಹಾಲು ತುಪ್ಪವನ್ನೂ ಮುಟ್ಟುವುದಿಲ್ಲ. ಹಾಗಾಗಿ ಮಡಿಯ ಚಿಂತೆ ಇರಲಿಲ್ಲ. ನೆಪ ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ.

ಮನೆಯ ನೆಲದ ತುಂಬ ಹಸಿ ಹುಲ್ಲು ಹಾಸಿದ್ದರು. ಮೂಲೆಯ ಕೆಂಡದ ಮೇಲೆ ಲೋಬಾನ. ಕಿಟಕಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಅದರ ಹೊಗೆ ಮೆಲ್ಲಗೆ ತಿರುಗುತ್ತಿತ್ತು. ಎಮಾಮಾ ಎದ್ದು ಬಂದಳು. ಗುಬ್ಬಚ್ಚಿಯಷ್ಟು ಜೀವ, ಬಾಯಲ್ಲಿ ಹಲ್ಲಿಲ್ಲ, ಹಣೆಗೂ ಕೊರಳಿಗೂ ಹಸಿರು ಹಚ್ಚೆ. ನಮ್ಮ ಅಜ್ಜಿಯ ಮುಂಗೈ ಮೇಲೂ ಇಂಥದೇ ಹಚ್ಚೆ ಇತ್ತು. ನನ್ನ ಕೆನ್ನೆಗೆ ಆ ಕಡೆ ಈ ಕಡೆ ಮುದ್ದಿಟ್ಟಳು. ಕೈಗಳು ಬೆಚ್ಚಗಿದ್ದವು.

ಹಿರುತ್ ಹೂಜಿಯಿಂದ ಎಲ್ಲರ ಕೈಗೆ ನೀರು ಹಾಕಿದಳು. ಬಣ್ಣದ ಬುಟ್ಟಿಯಂಥ ಮೇಜಿನ ಮೇಲೆ ಅಗಲ ತಟ್ಟೆ ಬಂತು. ಅದೇ ಕೌದಿ, ಅದರ ಮೇಲೆ ಕೆಂಪು ಬೇಳೆ, ಹಸಿರು ಸೊಪ್ಪು, ಎಲೆಕೋಸು, ನಡುವೆ ಅರಿಶಿನ ಬಣ್ಣದ್ದೊಂದು ಗೊಜ್ಜು. ಸುತ್ತ ನಾವು ನಾಲ್ವರು. ಅಯ್ಯೋ, ಇದು ಭೂಮವೇ ಅಲ್ಲವೇ! ಅಭ್ಯಾಸಬಲದಿಂದ ಕೈ ಕ್ಯಾಮರಾ ಹುಡುಕಿತು. ಅದು ಸಂಗೂನ ಚೀಲದಲ್ಲಿತ್ತು.

ಎಮಾಮಾ ಇಂಜೆರಾ ಹರಿದು, ಗೊಜ್ಜು ತುಂಬಿ, ಒತ್ತಿ ಒತ್ತಿ ಉಂಡೆ ಕಟ್ಟಿದಳು. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದಂತೆ. ಆಕೆಯ ಪ್ರೀತಿ ಲಿಂಬೆಹಣ್ಣಿಗಿಂತ ದೊಡ್ಡದಿತ್ತು. ಸಂಗೂ ನೆಲದ ಹುಲ್ಲು ನೋಡುತ್ತಿದ್ದ. ಅವನು ಅಂದು ಫೋನಿನಲ್ಲಿ ‘ಯಪ್ಪಾ’ ಅಂದ ದನಿ ನೆನಪಾಯಿತು. ಕಣ್ಣು ಮುಚ್ಚಿದೆ, ಬಾಯಿ ತೆರೆದೆ.

ಮೆತ್ತಗೆ, ತಣ್ಣಗೆ, ಹುಳಿ, ಹಿಂದೆಯೇ ಖಾರ. ಆಕೆಯ ಬೆರಳು ನನ್ನ ತುಟಿಗೆ ತಾಗಿತು. ಬಸವಣ್ಣಾ, ಕಾಪಾಡಪ್ಪಾ ಎಂದು ನುಂಗಿಯೇ ಬಿಟ್ಟೆ. ಇಳಿಯಿತು! ಗೆದ್ದೆ! ಖುಷಿಯಲ್ಲಿ, ನಮ್ಮ ಪಂಕ್ತಿಯಲ್ಲಿ ಬಡಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಸಾಕು.

ಎಮಾಮಾ ಆಗಲೇ ಇನ್ನೊಂದು ತುತ್ತು ಕಟ್ಟಿದ್ದಳು. ಆ ಕೈ ಗಾಳಿಯಲ್ಲೇ ನಿಂತಿತು. ಮುಖದ ನಗೆ ಇಳಿಯಿತು. ಹಿರುತ್ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು: “ಅಕ್ಕಾರ, ಒಂದ ಆಗಂಗಿಲ್ರಿ. ಒಂದ ತುತ್ತಂದ್ರ ಜಗಳ. ಎರಡರ ಆಗಬೇಕ್ರಿ.”

ನನಗೆ ಮನೆ ನೆನಪಾಯಿತು. ಅವ್ವ ಯಾರಿಗೂ ಒಂದೇ ರೊಟ್ಟಿ ಹಾಕಿ ಏಳಗೊಡುವುದಿಲ್ಲ. “ಒಂಟಿ ರೊಟ್ಟಿ ಹಾಕಿದ್ರ ಬಂದವರು ಮತ್ತ ಬರಂಗಿಲ್ಲ” ಎಂದು ಅಡ್ಡ ಹಿಡಿದ ಕೈ ಸರಿಸಿ ಹಾಕುತ್ತಾಳೆ. ಎಮಾಮಾ ನನ್ನ ಕೈ ಸರಿಸಲಿಲ್ಲ, ಸುಮ್ಮನೆ ಕಾದಳು. ನಾನೇ ಸರಿಸಿಕೊಂಡೆ.

ಎರಡನೆಯ ತುತ್ತಿಗೆ ಕಣ್ಣು ಮುಚ್ಚಲಿಲ್ಲ. ನೋಡಿದರೆ ಆಕೆಯೇ ನನಗಿಂತ ಹೆಚ್ಚು ಹೆದರಿದ್ದಳು. ಪಾಪ, ಮೊಮ್ಮಗಳನ್ನು ಕಾಣದ ಜನರ ಕೈಗೆ ಕೊಡಬೇಕಾದವಳು. ಆ ಮುಖ ನೋಡುತ್ತ ಅಗಿದೆ. ಆಗ ನಾಲಿಗೆಗೆ ಮೊದಲ ಸಲ ರುಚಿ ತಿಳಿಯಿತು. ಕಡಲೆಹಿಟ್ಟು. ಉಳ್ಳಾಗಡ್ಡಿ. ಬೆಳ್ಳುಳ್ಳಿ. ಖಾರ.

“ಸಂಗೂ! ಇದು ನಮ್ಮ ಝುಣಕ ಐತಲ್ಲೋ!”

“ಎಂದಿನಿಂದ ಹೇಳಾಕತ್ತೀನಿ, ನೀ ಎಲ್ಲಿ ಕೇಳತಿ?” ಅಂದವನೇ ತಟ್ಟೆಗೆ ಕೈ ಹಾಕಿದ.

ಆಮೇಲೆ ನಾನೇ ಹರಿದು ಉಂಡೆ. ಹುಳಿ ಹೋಯಿತು ಎಂದರೆ ಸುಳ್ಳಾದೀತು. ಹುಳಿಯೇ. ಆದರೆ ಆ ಖಾರಕ್ಕೆ ಆ ಹುಳಿ ಬೇಕು ಅನ್ನಿಸತೊಡಗಿತು. ಸೊಪ್ಪನ್ನೂ ತಿಂದೆ. ಎಲೆಕೋಸು ಮಾತ್ರ ಒಲ್ಲೆ ಅಂದೆ. ಎಲ್ಲವನ್ನೂ ಒಂದೇ ದಿನ ಗೆಲ್ಲಬೇಕು ಅಂತ ಎಲ್ಲಿದೆ?

ಊಟವಾಗಿ ಕೈ ತೊಳೆದ ಮೇಲೆ ಹಿರುತ್ ಕಾಫಿಬೀಜ ಹುರಿದು ಅದರ ಹೊಗೆಯನ್ನು ಎಲ್ಲರ ಮೂಗಿನ ಹತ್ತಿರ ತಂದಳು. ಆ ಪರಿಮಳದಲ್ಲಿ ಮತ್ತೆ ಕಣ್ಣು ಎಳೆಯತೊಡಗಿದಾಗ ಸೀರೆಯ ನೆನಪಾಯಿತು. ತೆಗೆದು, ಸೆರಗು ಕಾಣಲೆಂದು ಅಂಗಡಿಯವರ ಠೀವಿಯಲ್ಲಿ ಝಾಡಿಸಿದೆ. ಮಡಿಕೆಯೊಳಗಿಂದ ಒಂದು ಇಡೀ ಜೋಳದ ರೊಟ್ಟಿ ಉರುಳಿ ಹುಲ್ಲಿನ ಮೇಲೆ ಬಿತ್ತು.

ಅವ್ವಾ! ಒಂದಾದರೂ ಉಳಿಯಲಿ ಎಂದು ಸೀರೆಯೊಳಗೆ ಇಟ್ಟಿದ್ದಾಳೆ, ನನಗೆ ಹೇಳಿಲ್ಲ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಆದರೆ ಯಾರೂ ನಗಲಿಲ್ಲ. ಹಿರುತ್ ಎರಡೂ ಕೈಯಿಂದ ರೊಟ್ಟಿ ಎತ್ತಿ ಕಣ್ಣಿಗೊತ್ತಿಕೊಂಡಳು. “ಇದು ನಿಮ್ಮ ಪದ್ಧತಿ ಏನ್ರಿ ಅಕ್ಕಾರ?”

“ನಮ್ಮ ಅವ್ವನ ಪದ್ಧತಿ,” ಅಂದೆ. ಅದು ಖರೆಯೇ.

ಎಮಾಮಾ ರೊಟ್ಟಿಯನ್ನು ಇಸಿದುಕೊಂಡು ಮೂಸಿದಳು. ಮತ್ತೆ ಮೂಸಿದಳು. “ಮಾಶಿಲ್ಲಾ?” ಅಂದಳು. ಜೋಳಕ್ಕೆ ಅವರ ಹೆಸರು. ಆಮೇಲೆ ಆಕೆ ಮಾತಾಡುತ್ತ ಹೋದಳು, ಹಿರುತ್ ಕನ್ನಡದಲ್ಲಿ ಹೇಳುತ್ತ ಹೋದಳು. ಎಮಾಮಾ ಹುಟ್ಟಿದ್ದು ದೂರದ ಮೂಡಣ ಬೆಟ್ಟಗಳಲ್ಲಿ, ಜೋಳದ ಸೀಮೆಯಲ್ಲಿ. ಹುಡುಗಿಯಾಗಿದ್ದಾಗ ಅಟ್ಟಣಿಗೆ ಏರಿ ಹಕ್ಕಿ ಓಡಿಸುತ್ತಿದ್ದಳಂತೆ. ಎಳೆಯ ತೆನೆ ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ತಿನ್ನುತ್ತಿದ್ದರಂತೆ.

“ಸೀತನಿ!” ಎಂದು ಕೂಗಿಬಿಟ್ಟೆ. ಹುನಗುಂದದ ಎರೆಹೊಲದಲ್ಲಿ ನಾವು ತಿನ್ನುವುದೂ ಅದನ್ನೇ.

ಮದುವೆಯಾಗಿ ಈ ಟೆಫ್ ಉಣ್ಣುವ ಮನೆಗೆ ಬಂದಳು. ಇಲ್ಲಿ ಜೋಳವೆಂದರೆ ಅತ್ತೆಗೆ ಅಸಡ್ಡೆ. ಹೊಸ ಸೊಸೆಗೆ ಯಾವುದೂ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಹಿರುತ್ ನಗುತ್ತ ಕಣ್ಣೊರೆಸಿಕೊಂಡಳು: “ಎಮಾಮಾನೂ ಒಲ್ಲವ್ವ ಇದ್ದಳಂತ್ರಿ ಅಕ್ಕಾರ.”

ಹಲ್ಲಿಲ್ಲದ ಮುದುಕಿ, ಕಡಕ್ ರೊಟ್ಟಿ. ಆಕೆ ಅದನ್ನು ಮೂಸುವುದಷ್ಟೇ ಆಗಿತ್ತು. ನಾನು ಕೈ ಚಾಚಿ ಇಸಿದುಕೊಂಡೆ. ಮುರಿದು, ತಟ್ಟೆಯಲ್ಲಿ ಉಳಿದ ಝುಣಕದಲ್ಲಿ ನೆನೆಯಿಟ್ಟು, ಬೆರಳಿಂದ ನಾದಿ ಮೆತ್ತಗೆ ಮಾಡಿದೆ. ಎಲ್ಲರೂ ಉಂಡ ತಟ್ಟೆ ಅದು ಎಂಬುದು ಆಮೇಲೆ ಹೊಳೆಯಿತು. ತುತ್ತು ಕಟ್ಟಿ ಆಕೆಯ ಬಾಯಿಗೆ ಹಿಡಿದೆ. ಎಮಾಮಾ ಕಣ್ಣು ಮುಚ್ಚಿದಳು. ಬೊಚ್ಚುಬಾಯಿ ತುಂಬ ಹೊತ್ತು ಆಡುತ್ತಿತ್ತು, ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನುಂಗಿದವಳೇ ಎರಡು ಬೆರಳು ಎತ್ತಿ ತೋರಿಸಿದಳು.

ಹೌದಲ್ಲ, ಒಂದಾದರೆ ಜಗಳ. ಇನ್ನೊಂದು ಕಟ್ಟಿದೆ.

ಮತ್ತೆ ಕೆರೆಯ ದಂಡೆ

ಹೊತ್ತು ಇಳಿಯುವಾಗ ಕೆರೆಯ ದಂಡೆಗೆ ಬಂದು ಅಪ್ಪನಿಗೆ ಫೋನ್ ಹಚ್ಚಿದೆ. ಅಂಗಡಿಯಲ್ಲಿದ್ದ. ಸಂಗೂ ನನಗೆ ಬೆನ್ನು ಮಾಡಿ ನೀರು ನೋಡುತ್ತ ನಿಂತ. ಹಿರುತ್ ಅವನ ಪಕ್ಕ, ಹೆಗಲ ಮೇಲೆ ಇಳಕಲ್ ಸೀರೆ.

“ಏನವಾ, ಏನ ಸುದ್ದಿ?”

“ಉಂಡೆನಪಾ.”

“ಏನ ಉಂಡಿ?”

“ಝುಣಕ.”

“ಅಲ್ಲೆಲ್ಲಿಂದ ಬರಬೇಕು ಝುಣಕ?”

“ಅವರದ. ಅಜ್ಜಿ ಕೈಲೆ ನಾ ಎರಡ ತುತ್ತು ಉಂಡೆ. ನನ್ನ ಕೈಲೆ ಅಜ್ಜಿಗೆ ಎರಡು ತಿನಿಸಿದೆ. ಒಂದ ಗಂಗಾಳದಾಗ.”

“ನೀ ತಿನಿಸಿದಿ?”

“ಹೂಂನಪಾ, ನಾನ.”

ಫೋನ್ ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಇಲ್ಲ. ಸಂಗೂ ತಿರುಗಿ ನನ್ನ ಮುಖ ನೋಡುತ್ತಿದ್ದ. ನಾನು ಫೋನನ್ನು ಅವನಿಗೂ ಕೇಳುವಂತೆ ಹಿಡಿದೆ.

“ಶಾಂತಾ, ಅಟ್ಟದ ಮ್ಯಾಲ ಭೂಮದ ಹಿತ್ತಾಳಿ ಗಂಗಾಳ ಐತಲ್ಲ. ಅದು ಸಣ್ಣದಾತು. ದೊಡ್ಡದೊಂದು ತರಬೇಕು.”

“ಯಾಕಪಾ?”

“ಈ ಸಲ ನೀನೂ ಕುಂದರಾಕಿ ಅದಿಯಲ್ಲ.”